‘ಈಗರ್’ ಬಳಸುವುದು ಹೇಗೆ?

ಉದ್ಯೋಗದ ಅರ್ಜಿಗಳಲ್ಲಿ ‘ಈಗರ್’ ಎಂಬ ಇಂಗ್ಲಿಷ್ ಗುಣವಾಚಕ ಕಂಡಾಗ ಅದರ ಮುಂದಿನ ಪದ ಎಷ್ಟೋ ಸಲ ತಪ್ಪಿರುತ್ತದೆ. ಸರಿಪಡಿಸುವುದು ಕಷ್ಟವಲ್ಲ.

ಮೊದಲು ಅರ್ಥ. ಈಗರ್ ಅಂದರೆ ತವಕ, ಉತ್ಸುಕತೆ. ಕುತೂಹಲಕ್ಕೆ ‘ಕ್ಯೂರಿಯಸ್’ ಬೇರೆ ಇದೆ. ಎದೆ ಡವಗುಟ್ಟುತ್ತ ಫಲಿತಾಂಶ ಕಾಯುವವರು ‘ಆಂಕ್ಷಸ್’. ಪ್ರವಾಸಕ್ಕೆ ಹಿಂದಿನ ರಾತ್ರಿಯೇ ಬ್ಯಾಗ್ ತುಂಬಿಟ್ಟವರು ಈಗರ್.

ಎರಡನೆಯದು ಜೋಡಣೆ. ಇಲ್ಲಿ ನಿಧಾನಿಸಿ. ಮುಂದೆ ಕ್ರಿಯಾಪದ ಬಂದರೆ ‘ಟು’ ಹಾಕಿ, ಕ್ರಿಯಾಪದವನ್ನು ಮೂಲರೂಪದಲ್ಲೇ ಬಿಡಿ: ‘ಐ ಆಮ್ ಈಗರ್ ಟು ಜಾಯಿನ್’. ನಾಮಪದ ಬಂದರೆ ‘ಫಾರ್’: ‘ಈಗರ್ ಫಾರ್ ನ್ಯೂಸ್’. ‘ಈಗರ್ ಫಾರ್ ಜಾಯಿನಿಂಗ್’ ಎಂದು ಬರೆಯುವುದೇಕೆ? ಮನಸ್ಸಿನಲ್ಲಿ ‘ಸೇರುವುದಕ್ಕೆ’ ಎಂದಿರುತ್ತದೆ. ಅದರ ‘ಕ್ಕೆ’ ನೇರವಾಗಿ ‘ಫಾರ್’ ಆಗಿಬಿಡುತ್ತದೆ. ಹಾಗಾಗಿ ಮೊದಲು ಕನ್ನಡದಲ್ಲೇ ‘ಸೇರಲು’ ಎಂದುಕೊಳ್ಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ‘ಟು ಜಾಯಿನ್’ ತಾನಾಗಿ ಬರುತ್ತದೆ. ತವಕ ನಿಮ್ಮದು, ಕೆಲಸ ಇನ್ನೊಬ್ಬರದು ಎಂದಾದರೆ ಎರಡೂ ಬೇಕು: ‘ಈಗರ್ ಫಾರ್ ಹರ್ ಟು ವಿನ್’. ಇನ್ನು ‘ಕೀನ್’ ಪದದ ಜೊತೆಗಿನ ‘ಆನ್’ ಅನ್ನು ಇದಕ್ಕೆ ಅಂಟಿಸಬೇಡಿ. ‘ಕೀನ್ ಆನ್ ಕ್ರಿಕೆಟ್’ ಸರಿ, ‘ಈಗರ್ ಆನ್’ ಎಂಬುದೇ ಇಲ್ಲ.

ಯಾರ ತವಕ ಎಂಬುದನ್ನೂ ಗಮನಿಸಿ. ‘ಜಾನ್ ಈಸ್ ಈಗರ್ ಟು ಪ್ಲೀಸ್’ ಎಂದರೆ ಜಾನ್‌ಗೆ ಇತರರನ್ನು ಮೆಚ್ಚಿಸುವ ಹಂಬಲ. ‘ಈಸಿ ಟು ಪ್ಲೀಸ್’ ಎಂದರೆ ಅವನನ್ನು ಮೆಚ್ಚಿಸುವುದು ಸುಲಭ. ಹೊರನೋಟಕ್ಕೆ ಒಂದೇ ಅಚ್ಚು, ಒಳಗೆ ಕರ್ತೃ–ಕರ್ಮ ಅದಲುಬದಲು. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಹೆಸರುವಾಸಿ ಮಾಡಿದ ಜೋಡಿಯಿದು.

ಒತ್ತು ಕೊಡಲು ‘ವೆರಿ ಈಗರ್’ ಸಾಕು. ‘ವೆರಿ ಮಚ್ ಈಗರ್’ ಬೇಡ.

ಕ್ರಿಯಾವಿಶೇಷಣ ‘ಈಗರ್ಲಿ’ಯಲ್ಲಿ ಇನ್ನೊಂದು ಗುಂಡಿಯಿದೆ. ‘ವೇಟ್’, ‘ಅವೇಟ್’ ಎರಡೂ ಕಾಯುವುದೇ. ಯಾವುದಕ್ಕೆ ಕಾಯುತ್ತೀರಿ ಎಂದು ಹೇಳುವಾಗ ‘ವೇಟ್’ಗೆ ‘ಫಾರ್’ ಬೇಕು, ‘ಅವೇಟ್’ಗೆ ಬೇಡವೇ ಬೇಡ. ‘ಈಗರ್ಲಿ ಅವೇಟಿಂಗ್ ಫಾರ್’ ಎಂಬುದು ಎರಡನ್ನೂ ಕಲಸಿದ ತಪ್ಪು.

ಸಿದ್ಧ ಪತ್ರಗಳ ಅಗ್ಗದ ಪುಸ್ತಕಗಳು ಕಲಿಸುವ ‘ಈಗರ್ಲಿ ವೇಟಿಂಗ್ ಫಾರ್ ಯುವರ್ ಪಾಸಿಟಿವ್ ರಿಪ್ಲೈ’ ವ್ಯಾಕರಣದಲ್ಲಿ ಸರಿಯೇ. ಆದರೂ ಅರ್ಜಿಯಲ್ಲಿ ಹಾಕಲೇಬೇಡಿ. ಓದುವವರ ಮೇಲೆ ಒತ್ತಡ ಹೇರಿದಂತಿರುತ್ತದೆ. ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ’ ಎಂದು ಮುಗಿಸಿ. ಈ ‘ಟು’ ಆದ ಮೇಲೆ ಮಾತ್ರ ‘ಹಿಯರ್’ ಅಲ್ಲ, ‘ಹಿಯರಿಂಗ್’.