ಬಾವಲಿಮರಿಯ ದವಡೆ ಬಲಿಯುವುದನ್ನು ನಾನು ಅಳೆದ ಬಗೆ

ನಾನು ಆರಿಸಿಕೊಂಡದ್ದು ಗಿಡ್ಡಮೂತಿಯ ಹಣ್ಣುಬಾವಲಿಯನ್ನು, ಅಂದರೆ ಸೈನಾಪ್ಟೆರಸ್ ಸ್ಫಿಂಕ್ಸ್ ಎಂಬ ಪ್ರಭೇದವನ್ನು. ನಮ್ಮ ಊರುಗಳ ತಾಳೆ, ಕಂಬದ ಅಶೋಕದ ಮರಗಳಲ್ಲಿ ಇದರ ಗಂಡು ಎಲೆ, ಕಡ್ಡಿಗಳನ್ನು ಕಚ್ಚಿ ಕಚ್ಚಿ ಗುಡಾರ ಕಟ್ಟುತ್ತದೆ. ಅಷ್ಟು ಕಚ್ಚುವ ಬಲ ಮರಿಯ ದವಡೆಗೆ ಯಾವಾಗ, ಹೇಗೆ ಬರುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಜೀವಂತ ಪ್ರಾಣಿಗಳನ್ನು ಹಿಡಿಯದೆ, ಫಾರ್ಮಲಿನ್‌ನಲ್ಲಿ ಕಾಪಿಟ್ಟಿದ್ದ ಹಳೆಯ ಮಾದರಿಗಳನ್ನು ಎರವಲು ಪಡೆದೆ.

ಮೊದಲ ತೊಡಕು ವಯಸ್ಸಿನದು. ಚೀಟಿಗಳಲ್ಲಿ ಸಿಕ್ಕ ದಿನವಿತ್ತೇ ಹೊರತು ಹುಟ್ಟಿದ ದಿನವಿರಲಿಲ್ಲ. ವಯಸ್ಕ ಬಾವಲಿಯ ಮುಂಗೈ ಸುಮಾರು 70 ಮಿ.ಮೀ. ಉದ್ದವಿರುತ್ತದೆ, ಮರಿಗಳ ಮುಂಗೈಯನ್ನು ಅಳೆದು, ರೆಕ್ಕೆಯನ್ನು ದೀಪಕ್ಕೆ ಹಿಡಿದು, ಬೆರಳ ಗೆಣ್ಣುಗಳಲ್ಲಿ ಇನ್ನೂ ಮೂಳೆಯಾಗದೆ ಬೆಳಕು ಬಿಡುವ ಮೃದ್ವಸ್ಥಿಯ ಸಂದನ್ನು ನೋಡಿ, ಎಳೆಯದರಿಂದ ಬಲಿತದ್ದರವರೆಗೆ ಸಾಲಾಗಿ ಜೋಡಿಸಿದೆ. ಹೀಗೆ ದೊರೆಯುವುದು ದಿನಗಳ ಲೆಕ್ಕವಲ್ಲ, ಹಿರಿಕಿರಿತನದ ಕ್ರಮ ಮಾತ್ರ; ನನ್ನ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಸಿ.ಟಿ. ಸ್ಕ್ಯಾನ್‌ನಲ್ಲಿ ಮೂಳೆ ಸ್ಪಷ್ಟವಾಗಿ ಕಂಡರೂ ಒಂದು ಸ್ನಾಯು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂಬುದು ತಿಳಿಯುವುದಿಲ್ಲ. ಸ್ನಾಯುಗಳು ಅಯೋಡಿನ್ ಹೀರಿ ಸ್ಕ್ಯಾನ್‌ನಲ್ಲಿ ಬೇರೆಬೇರೆಯಾಗಿ ಎದ್ದು ಕಾಣಲೆಂದು ತಲೆಗಳನ್ನು ಅಯೋಡಿನ್ ಬೆರೆತ ಲ್ಯೂಗಾಲ್ ದ್ರಾವಣದಲ್ಲಿ ನೆನೆಸಿದೆ. ಇಲ್ಲಿ ನಾನು ಅವಸರಪಟ್ಟೆ: ಬೇಗ ಬಣ್ಣ ಇಳಿಯಲೆಂದು ದ್ರಾವಣವನ್ನು ಗಾಢವಾಗಿ ಮಾಡಿದ್ದರಿಂದ ಮೊದಲ ಮಾದರಿಯ ಸ್ನಾಯುಗಳು ಸುಕ್ಕುಗಟ್ಟಿ ಮೂಳೆಯಿಂದ ಬಿಟ್ಟುಕೊಂಡವು. ಮೇಲಾಗಿ, ಈ ದ್ರಾವಣ ದಿನಕಳೆದಂತೆ ಆಮ್ಲೀಯವಾಗುವುದರಿಂದ ಮರಿಯ ತೆಳುಮೂಳೆಗೂ ಅದು ಒಳ್ಳೆಯದಲ್ಲ. ಮುಂದಿನವುಗಳಿಗೆ ದುರ್ಬಲ ದ್ರಾವಣ, ಹೆಚ್ಚು ದಿನ, ಆಗಾಗ ಹೊಸ ದ್ರಾವಣ ಎಂಬ ನಿಯಮವನ್ನು ಪಾಲಿಸಿದೆ; ಕೆಲಸ ಮುಗಿದ ಮೇಲೆ ಸೋಡಿಯಂ ಥಯೋಸಲ್ಫೇಟ್‌ನಿಂದ ಬಣ್ಣ ತೆಗೆದು ಮಾದರಿಗಳನ್ನು ಹಿಂದಿರುಗಿಸಿದೆ.

ಕಂಡದ್ದು ಹೀಗಿತ್ತು. ಮೆದುಳು ಬೇಗ ಬೆಳೆಯುವುದರಿಂದ ಎಳೆಯ ಮರಿಯ ತಲೆಬುರುಡೆ ಉರುಟಾಗಿರುತ್ತದೆ, ಮೂತಿ ಮೊಂಡು. ದವಡೆಯನ್ನು ಮುಚ್ಚುವ ಮುಖ್ಯ ಸ್ನಾಯುವಾದ ಟೆಂಪೊರಾಲಿಸ್ ಆಗ ಬುರುಡೆಯ ಪಕ್ಕದಲ್ಲಿ ತಗ್ಗಿನಲ್ಲೇ ತೆಳುವಾಗಿ ಅಂಟಿಕೊಂಡಿತ್ತು. ಮೊನಚಾದ ಹಾಲುಹಲ್ಲುಗಳು ಇರುವುದು ಜಗಿಯಲಿಕ್ಕಲ್ಲ, ಹಾರುವ ತಾಯಿಯ ಮೊಲೆತೊಟ್ಟನ್ನು ಕಚ್ಚಿ ಹಿಡಿಯಲಿಕ್ಕೆ. ಶಾಶ್ವತ ಹಲ್ಲುಗಳು ಮೂಡಿದ ಮರಿಗಳಲ್ಲಿ ಅದೇ ಸ್ನಾಯು ಬೀಸಣಿಗೆಯಂತೆ ನೆತ್ತಿಯತ್ತ ಹರಡಿತ್ತು, ಅದು ಬಂದು ಸೇರುವ ಕೆಳದವಡೆಯ ಕೊಂಬೂ ಎತ್ತರವಾಗಿತ್ತು.

ಆದರೆ ಗಾತ್ರವೇ ಬಲವಲ್ಲ. ಆದ್ದರಿಂದ ಬಿಡಿಸಿ ತೆಗೆದ ಸ್ನಾಯುಗಳನ್ನು ನೀರು ಬೆರೆಸಿ ತೆಳುವಾಗಿಸಿದ ನೈಟ್ರಿಕ್ ಆಮ್ಲದಲ್ಲಿಟ್ಟು ಎಳೆಗಳನ್ನು ಸಡಿಲಿಸಿ, ಗ್ಲಿಸರಿನ್‌ನಲ್ಲಿ ಒಂದೊಂದಾಗಿ ಅಳೆದೆ. ಸ್ನಾಯುವಿನ ತೂಕವನ್ನು ಅದರ ಸಾಂದ್ರತೆ ಮತ್ತು ಎಳೆಯ ಉದ್ದಗಳ ಗುಣಲಬ್ಧದಿಂದ ಭಾಗಿಸಿದಾಗ ಸ್ನಾಯುವಿನ ಬಲವನ್ನು ಸೂಚಿಸುವ ಅಡ್ಡಕೊಯ್ತದ ವಿಸ್ತೀರ್ಣ ದೊರೆಯುತ್ತದೆ. ಸೂಕ್ಷ್ಮದರ್ಶಕದಡಿ ತಲೆಗೂದಲಿಗಿಂತ ತೆಳುವಾದ ಎಳೆಗಳನ್ನು ತುಂಡಾಗದಂತೆ ಬಿಡಿಸುವುದರಲ್ಲೇ ನನ್ನ ಬಹುಪಾಲು ಸಮಯ ಕಳೆಯಿತು. ಅತಿ ಎಳೆಯ ಎರಡು ಮಾದರಿಗಳಲ್ಲಿ ಎಳೆಗಳು ಕೈಯಲ್ಲೇ ಮುದ್ದೆಯಾದ್ದರಿಂದ ಅವುಗಳ ಅಳತೆಯನ್ನು ಲೆಕ್ಕದಿಂದ ಕೈಬಿಟ್ಟೆ.