ಪರವಾನಗಿದಾರರು ತೀರಿಕೊಂಡ ಮೇಲೆ ಮನೆಯ ಬಂದೂಕನ್ನು ಏನು ಮಾಡಬೇಕು?

ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಗುಡ್ಡದಂಚಿನ ಹಳ್ಳಿಗಳಲ್ಲಿ ಶೇಂಗಾ, ಮೆಕ್ಕೆಜೋಳದ ಹೊಲಗಳನ್ನು ಹಂದಿಗಳಿಂದ ಕಾಯಲೆಂದು ಹಿರಿಯರು ಪಡೆದ ಬಂದೂಕುಗಳು ಕೆಲವು ಮನೆಗಳಲ್ಲಿ ಇಂದಿಗೂ ಉಳಿದಿವೆ. ಪರವಾನಗಿ ವ್ಯಕ್ತಿಯ ಹೆಸರಿಗೆ ಇರುತ್ತದೆಯೇ ಹೊರತು ಮನೆತನದ ಹೆಸರಿಗಲ್ಲ. ಆ ವ್ಯಕ್ತಿ ತೀರಿಕೊಂಡ ಮೇಲೆ ಬಂದೂಕನ್ನು ಹಾಗೆಯೇ ಅಟ್ಟದ ಮೇಲೆ ಇಟ್ಟುಕೊಂಡರೆ ಅದು ಪರವಾನಗಿಯಿಲ್ಲದ ಆಯುಧವೆನಿಸಬಹುದು. 1959ರ ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷಗಳ ಶಿಕ್ಷೆಯಿದೆ.

ಆದ್ದರಿಂದ ದಿನಕರ್ಮಗಳು ಮುಗಿಯುತ್ತಿದ್ದಂತೆ, ಕಾಯ್ದೆಯ 21ನೇ ಕಲಮಿನ ಪ್ರಕಾರ ಬಂದೂಕನ್ನೂ ಉಳಿದ ತೋಟಾಗಳನ್ನೂ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಬಂದೂಕಿನಲ್ಲಿ ಮದ್ದು ತುಂಬಿದೆಯೆಂಬ ಅನುಮಾನವಿದ್ದರೆ ಅದನ್ನು ಮುಟ್ಟದೆ ಠಾಣೆಗೆ ತಿಳಿಸಿ ಅವರನ್ನೇ ಕರೆಸಿಕೊಳ್ಳಬೇಕು. ಠೇವಣಿಯ ರಸೀದಿಯಲ್ಲಿ ಬಂದೂಕಿನ ಬಗೆ, ಅದರ ಮೇಲೆ ಕೆತ್ತಿದ ಸಂಖ್ಯೆ, ತೋಟಾಗಳ ಎಣಿಕೆ, ದಿನಾಂಕ ಮತ್ತು ಮೊಹರು ಇರಬೇಕು. ಸಂಖ್ಯೆಯ ಮೇಲೆ ತುಕ್ಕು ಹಿಡಿದಿದ್ದರೆ ಒಣಬಟ್ಟೆಯಿಂದ ಒರೆಸಿ ಓದಬಹುದು, ಆದರೆ ಉಪ್ಪುಕಾಗದದಿಂದ ಉಜ್ಜುವುದು ಬೇಡ. ಗುರುತಿನ ಸಂಖ್ಯೆಯನ್ನು ಅಳಿಸುವುದನ್ನು ಅದೇ ಕಾಯ್ದೆ ಪ್ರತ್ಯೇಕವಾಗಿ ನಿಷೇಧಿಸಿದೆ.

ಬಂದೂಕು ಬೇಕಾದ ವಾರಸುದಾರರಿಗೆ 21 ವರ್ಷ ತುಂಬಿರಬೇಕು. ಅವರು ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಪರವಾನಗಿ ಪುಸ್ತಕ, ಠೇವಣಿ ರಸೀದಿ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರಗಳೊಂದಿಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಯಾರಿಗೂ ಬೇಡವಾದರೆ ನಿಗದಿತ ಅವಧಿಯೊಳಗೆ ಪರವಾನಗಿ ಉಳ್ಳವರಿಗೆ ಮಾರಬಹುದು. ಸುಮ್ಮನೆ ಬಿಟ್ಟರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಹಿರಿಯರು ಬದುಕಿರುವಾಗಲೇ ಅವರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಆ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, 2016ರ ಆಯುಧ ನಿಯಮಗಳಡಿ ವಾರಸುದಾರರಿಗೆ ವರ್ಗಾಯಿಸಿಕೊಡಲು ಅವಕಾಶವಿದ್ದು, ಈ ದಾರಿಯೇ ಲೇಸು.

ಅರ್ಜಿ ಬಂದ ಮೇಲೆ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ಅನೇಕರು ಎಡವುವುದು ಈ ಹಂತದಲ್ಲಿ, ಮತ್ತು ಅದಕ್ಕೆ ಇತಿಹಾಸದ ಹಿನ್ನೆಲೆಯೂ ಇದೆ. ಬ್ರಿಟಿಷರ ನಿಶ್ಶಸ್ತ್ರೀಕರಣದ ವಿರುದ್ಧ ಹಲಗಲಿಯ ಬೇಡರು 1857ರಲ್ಲಿ ದಂಗೆಯೆದ್ದರು. ಮರುವರ್ಷ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು. 1878ರ ಆಯುಧ ಕಾಯ್ದೆಯು ಭಾರತೀಯರಿಗೆ ಪರವಾನಗಿ ಕಡ್ಡಾಯಗೊಳಿಸಿ ಯುರೋಪಿಯನ್ನರಿಗೆ ವಿನಾಯಿತಿ ನೀಡಿತ್ತು. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಮಾಡಿ, ಹಾಜರಿ ತೆಗೆದುಕೊಂಡು ಕಣ್ಗಾವಲಿನಲ್ಲಿಟ್ಟ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಸ್ವಾತಂತ್ರ್ಯಾನಂತರ, 1952ರಲ್ಲಿ ರದ್ದಾಯಿತು. ಕಾಯ್ದೆ ಹೋದರೂ ಅನುಮಾನ ಹೋಗಿಲ್ಲವೆಂದು ಕೊರಚ, ಕೊರಮರಂಥ ಸಮುದಾಯಗಳವರು ಹೇಳಿದರೆ ಅದನ್ನು ಅತಿಶಯವೆಂದು ತಳ್ಳಿಹಾಕಲಾಗದು.

ವಿಚಾರಣೆಗೆ ಬಂದವರು ಅರ್ಜಿದಾರರ ನಡತೆ, ಪ್ರಕರಣಗಳು, ಬಂದೂಕನ್ನು ಭದ್ರವಾಗಿಡುವ ವ್ಯವಸ್ಥೆ ಇವುಗಳ ಬಗ್ಗೆ ಕೇಳುವುದು ಸಹಜ. ಜಾತಿ ಹೇಳಿದೊಡನೆ ಮಾತಿನ ಧಾಟಿ ಬದಲಾದರೆ ವಾದಕ್ಕಿಳಿಯದೆ, ಕೇಳಿದ ಪ್ರಶ್ನೆಗಳನ್ನೂ ದಿನಾಂಕವನ್ನೂ ಅಂದೇ ಬರೆದಿಟ್ಟುಕೊಳ್ಳಬೇಕು. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲವೆಂದು 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅರ್ಜಿ ತಿರಸ್ಕೃತವಾದರೆ ಬಾಯಿಮಾತಿಗೆ ತೃಪ್ತರಾಗದೆ ಕಾರಣಸಹಿತ ಲಿಖಿತ ಹಿಂಬರಹ ಕೇಳಬೇಕು. 18ನೇ ಕಲಮಿನಡಿ ಮೇಲ್ಮನವಿಗೆ ಅದೇ ಆಧಾರವಾಗುತ್ತದೆ. ಠಾಣೆಯ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ನೋಡಬಹುದು.

ಪರವಾನಗಿ ಸಿಕ್ಕರೂ ಅದು ಬೇಟೆಯ ಅನುಮತಿಯಲ್ಲ. ದರೋಜಿ ಭಾಗದ ಕರಡಿ ಹೊಲಕ್ಕೆ ಇಳಿದರೆ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಗುಂಡು ಹಾರಿಸುವಂತಿಲ್ಲ. ಚುನಾವಣೆಯ ಕಾಲದಲ್ಲಿ ಠೇವಣಿಗೆ ಆದೇಶ ಬಂದಾಗಲೂ ಇದೇ ಬಗೆಯ ರಸೀದಿ ಪಡೆದು, ಹಿಂದಿರುಗಿಸುವಾಗ ಸಂಖ್ಯೆಯನ್ನು ತಾಳೆ ನೋಡಿದ ನಂತರವೇ ವಹಿಯಲ್ಲಿ ಸಹಿ ಮಾಡಬೇಕು.