ಹೀಥ್ರೂನಲ್ಲಿ ಇಳಿದು ಕಾರ್ಡಿಫ್‌ಗೋ ಎಡಿನ್‌ಬರೋಗೋ ಹೋಗೋರು ಕೋವಿಡ್ ಟೆಸ್ಟ್ ರೂಲ್ಸ್ ಓದೋದು ಹೇಗೆ

ಈಗ ಯಾಕಪ್ಪ ಈ ಪುರಾಣ ಅಂತ ಕೇಳ್ಬಹುದು, 2022ರ ಮಾರ್ಚ್ 18ಕ್ಕೇ ಬ್ರಿಟನ್‌ನಲ್ಲಿ ಕೋವಿಡ್ ಪ್ರಯಾಣದ ರೂಲ್ಸ್ ಎಲ್ಲಾ ಎತ್ತಾಕಿದ್ರಲ್ಲ ಅಂತ. ನಿಜ. ಆದ್ರೆ ಆ ರೂಲ್ಸ್ ಮಾಡೋ ಅಧಿಕಾರ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ನಾರ್ದರ್ನ್ ಐರ್ಲೆಂಡ್ ಅಂತ ನಾಲ್ಕು ಕಡೆ ಹಂಚಿಹೋಗಿರೋದು ಹಾಗೇ ಇದೆ, ನಾಳೆ ಇನ್ನೊಂದು ವೈರಸ್ ಬಂದ್ರೆ ಇದೇ ಗೊಂದಲ ಮತ್ತೆ ಶುರು. ಊರಿಂದ ಅಪ್ಪ ಅಮ್ಮನ್ನ, ಅತ್ತೆ ಮಾವನ್ನ ಕರೆಸ್ಕೊಳ್ಳೋರು ಆಗ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, "ಯುಕೆ ರೂಲ್ ಏನ್ರೀ ಈಗ?" ಅದಕ್ಕೆ ಹತ್ತು ಜನ ಹತ್ತು ಉತ್ತರ ಕೊಡೋರು, ಒಬ್ಬರದ್ದೂ ಸುಳ್ಳಲ್ಲ, ಯಾಕಂದ್ರೆ ಎಷ್ಟೋ ಸಲ ಯುಕೆ ರೂಲ್ ಅಂತ ಒಂದು ಇರ್ತಾನೇ ಇರಲಿಲ್ಲ.

ಮೊದಲು ಯಾರ ಕೈಲಿ ಏನಿದೆ ತಿಳ್ಕೊಳ್ಳಿ, ಇದು ಗೊತ್ತಾದ್ರೆ ಅರ್ಧ ತಲೆನೋವು ಹೋಗತ್ತೆ. ವೀಸಾ, ಇಮಿಗ್ರೇಷನ್, ಪಾಸ್‌ಪೋರ್ಟ್ ಕೌಂಟರ್ ಇವೆಲ್ಲ ಲಂಡನ್ ಸರ್ಕಾರದ್ದು, ಇಡೀ ಯುಕೆಗೆ ಒಂದೇ. ಆದ್ರೆ ಸಾರ್ವಜನಿಕ ಆರೋಗ್ಯ ಸ್ಕಾಟ್ಲೆಂಡ್, ವೇಲ್ಸ್, ನಾರ್ದರ್ನ್ ಐರ್ಲೆಂಡ್‌ನಲ್ಲಿ ಆಯಾ ಸರ್ಕಾರಕ್ಕೆ ಬಿಟ್ಟಿರೋ ವಿಷಯ, ಇಂಗ್ಲೆಂಡಿಂದು ಮಾತ್ರ ಲಂಡನ್ ಸರ್ಕಾರವೇ ನೋಡ್ಕೊಳ್ಳತ್ತೆ. ಟೆಸ್ಟು, ಕ್ವಾರಂಟೈನು ಆರೋಗ್ಯದ ಲೆಕ್ಕಕ್ಕೆ ಬರತ್ತೆ. ಹಾಗಾಗಿ ವಿಮಾನ ಹತ್ತೋ ಮುಂಚೆ ತುಂಬಬೇಕಾಗಿದ್ದ, ಎಲ್ಲಿ ಉಳ್ಕೊಳ್ತೀರ ಅಂತ ಬರೆಯೋ ಪ್ಯಾಸೆಂಜರ್ ಲೊಕೇಟರ್ ಫಾರ್ಮ್ ಎಲ್ಲರಿಗೂ ಒಂದೇ, ಆದ್ರೆ ಇಳಿದ್ಮೇಲೆ ಯಾವ ಟೆಸ್ಟ್, ಎಷ್ಟು ಟೆಸ್ಟ್, ಎಷ್ಟು ದಿನ ಮನೇಲಿ ಕೂರ್ಬೇಕು ಅನ್ನೋದಕ್ಕೆ ನಾಲ್ಕು ಬೇರೆ ಬೇರೆ ಕಾನೂನು. ಬೆಂಗಳೂರು ಏರ್‌ಪೋರ್ಟಲ್ಲಿ ಚೆಕ್-ಇನ್ ಕೌಂಟರಿನವರು ನೋಡ್ತಿದ್ದಿದ್ದು ಆ ಫಾರ್ಮು ಮತ್ತೆ ಹೊರಡೋ ಮುಂಚಿನ ಟೆಸ್ಟ್ ರಿಪೋರ್ಟು, ಅಷ್ಟೇ. ನೀವು ವೇಲ್ಸಿನ ಕಾರ್ಡಿಫ್‌ಗೆ ಹೋಗಿ ಯಾವ ಕಿಟ್ ಬಳಸ್ತೀರ ಅನ್ನೋದು ಅವರ ತಲೆಗೆ ಬರೋ ವಿಷಯಾನೇ ಅಲ್ಲ. ಅವರು ಬಿಟ್ರು ಅಂದ ಮಾತ್ರಕ್ಕೆ ನಿಮ್ಮ ರೂಲ್ ಮುಗೀತು ಅಂತ ತಿಳ್ಕೋಬೇಡಿ, ಆಮೇಲೆ ಫೋನ್ ಮಾಡಿ ವಿಚಾರಿಸೋರು ಬೇರೆ, ಇಂಗ್ಲೆಂಡಲ್ಲಿ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಟೆಸ್ಟ್ ಅಂಡ್ ಟ್ರೇಸ್, ಸ್ಕಾಟ್ಲೆಂಡಲ್ಲಿ ಟೆಸ್ಟ್ ಅಂಡ್ ಪ್ರೊಟೆಕ್ಟ್, ವೇಲ್ಸಲ್ಲಿ ಟೆಸ್ಟ್ ಟ್ರೇಸ್ ಪ್ರೊಟೆಕ್ಟ್.

ಇನ್ನು ಓದೋದು ಎಲ್ಲಿ. ಗವ್ ಡಾಟ್ ಯುಕೆ ಅನ್ನೋ ವೆಬ್‌ಸೈಟ್ ಹೆಸರು ನೋಡಿ ಇಡೀ ದೇಶದ್ದು ಅಂದ್ಕೊಳ್ಳೋದು ಸಹಜ, ಆದ್ರೆ ಅದರಲ್ಲಿ ಇದ್ದ ಟೆಸ್ಟ್, ಕ್ವಾರಂಟೈನ್ ಪುಟ ಇಂಗ್ಲೆಂಡಿಗೆ ಮಾತ್ರ, ಉಳಿದ ಮೂರಕ್ಕೆ ಲಿಂಕ್ ಕೊಟ್ಟು ಕೈತೊಳ್ಕೊಳ್ತಿದ್ರು. ಸ್ಕಾಟ್ಲೆಂಡಿಗೆ ಗವ್ ಡಾಟ್ ಸ್ಕಾಟ್, ವೇಲ್ಸಿಗೆ ಗವ್ ಡಾಟ್ ವೇಲ್ಸ್, ನಾರ್ದರ್ನ್ ಐರ್ಲೆಂಡಿಗೆ ಎನ್‌ಐ ಡೈರೆಕ್ಟ್. ಟಿವಿ, ಪೇಪರ್ ಇನ್ನೂ ಮೋಸ, ಲಂಡನ್‌ನಲ್ಲಿ ಮಂತ್ರಿ ಏನಾದ್ರು ಹೇಳಿದ ತಕ್ಷಣ "ಬ್ರಿಟನ್‌ನಲ್ಲಿ ರೂಲ್ ಸಡಿಲ" ಅಂತ ಹೆಡ್‌ಲೈನ್ ಹಾಕಿಬಿಡೋರು, ನಮ್ಮೂರ ಪೇಪರ್‌ಗಳಂತೂ ಕೇಳಲೇಬೇಡಿ. ಹೆಡ್‌ಲೈನ್ ನೋಡಿದ ದಿನ ಏನೂ ಬುಕ್ ಮಾಡ್ಬೇಡಿ, ನೀವು ಹೋಗೋ ಜಾಗದ ಸರ್ಕಾರದ ಪುಟದಲ್ಲಿ ತಾರೀಖು ಬಂದ್ಮೇಲೆ ಮಾಡಿ. ಸಾಮಾನ್ಯವಾಗಿ ಮೊದಲು ಇಂಗ್ಲೆಂಡ್ ಹೇಳೋದು, ಎಡಿನ್‌ಬರೋದವರು (ಸ್ಕಾಟ್ಲೆಂಡ್ ಸರ್ಕಾರ), ಕಾರ್ಡಿಫ್‌ನವರು (ವೇಲ್ಸ್ ಸರ್ಕಾರ) ಒಂದೆರಡು ದಿನ ಗೊಣಗೋದು, ಆಮೇಲೆ ಅವರೂ ಅದೇ ದಾರಿಗೆ ಬರೋದು, ಹಿಂಗೇ ನಡೀತಿತ್ತು. 2021ರ ಸೆಪ್ಟೆಂಬರಲ್ಲಿ ಎರಡೂ ಡೋಸ್ ಆದವರಿಗೆ ಹೊರಡೋ ಮುಂಚಿನ ಟೆಸ್ಟ್ ತೆಗೀತೀವಿ ಅಂತ ಇಂಗ್ಲೆಂಡ್ ಅಂದಾಗ ಸ್ಕಾಟ್ಲೆಂಡ್ ಸದ್ಯಕ್ಕೆ ಇಲ್ಲ ಅಂತು, ಕೆಲವೇ ದಿನದಲ್ಲಿ ಆಯ್ತು ನಾವೂ ತೆಗೀತೀವಿ ಅಂತು. ವೇಲ್ಸ್ ಸರ್ಕಾರ ಓಪನ್ನಾಗೇ ಹೇಳ್ತಿತ್ತು, ನಮಗಿದು ಇಷ್ಟ ಇಲ್ಲ, ಆದ್ರೆ ನಮ್ಮ ಜನ ಬಹುಪಾಲು ಇಂಗ್ಲೆಂಡಿನ ಏರ್‌ಪೋರ್ಟಲ್ಲೇ ಇಳಿಯೋದ್ರಿಂದ ನಾವೊಬ್ಬರೇ ಬೇರೆ ರೂಲ್ ಇಟ್ಕೊಂಡು ಏನು ಮಾಡೋದು ಅಂತ. ಪಾಪ, ಅದೂ ನಿಜಾನೇ.

ಈಗ ಮುಖ್ಯವಾದ್ದು. ನಿಮ್ಮ ವಿಷಯದಲ್ಲಿ ಯಾವ ಸರ್ಕಾರದ ರೂಲ್ ಅಂತ ಗೊತ್ತಾಗ್ಬೇಕಂದ್ರೆ ಎಲ್ಲಿ ಇಳೀತೀರ ಮತ್ತೆ ಎಲ್ಲಿ ಮಲಗ್ತೀರ, ಎರಡನ್ನೂ ಬರ್ಕೊಳ್ಳಿ. ಕೆಲವು ರೂಲ್ ಇಳಿಯೋ ಜಾಗಕ್ಕೆ ಅಂಟ್ಕೊಂಡಿರತ್ತೆ, ಕೆಲವು ಮಲಗೋ ಜಾಗಕ್ಕೆ.

ಇಳಿಯೋ ಜಾಗದ್ದು ಅಂದ್ರೆ ಹೋಟೆಲ್ ಕ್ವಾರಂಟೈನ್. 2021ರ ಫೆಬ್ರವರಿ 15ರಂದು ಇದು ಶುರುವಾದಾಗ ಇಂಗ್ಲೆಂಡ್ ರೆಡ್ ಲಿಸ್ಟ್ (ಸೋಂಕಿನ ಅಪಾಯ ಜಾಸ್ತಿ ಅಂತ ಗುರುತಿಸಿದ) ದೇಶಗಳಿಂದ ಬಂದವರಿಗೆ ಮಾತ್ರ ಹೋಟೆಲ್ ಅಂತು, ಸ್ಕಾಟ್ಲೆಂಡ್ ಮಾತ್ರ ಹೊರದೇಶದಿಂದ ನೇರವಾಗಿ ನಮ್ಮ ಏರ್‌ಪೋರ್ಟಿಗೆ ಬಂದವರೆಲ್ಲರಿಗೂ ಹೋಟೆಲ್ ಅಂತು, ಐರ್ಲೆಂಡ್ ಕಡೆಯಿಂದ ಬಂದವರನ್ನ ಬಿಟ್ಟು. ಒಬ್ಬ ದೊಡ್ಡವರಿಗೆ 1,750 ಪೌಂಡ್, ಆಗಸ್ಟಲ್ಲಿ 2,285 ಆಯ್ತು. ಫೆಬ್ರವರೀಲಿ ಭಾರತ ಇನ್ನೂ ರೆಡ್ ಲಿಸ್ಟಲ್ಲಿ ಇರಲಿಲ್ಲ. ಅಂದ್ರೆ ಬೆಂಗಳೂರಿಂದ ಫ್ರಾಂಕ್‌ಫರ್ಟ್ ಮೇಲೆ ಎಡಿನ್‌ಬರೋಗೆ ಹಾರಿದವರು ಸೀದಾ ಹೋಟೆಲಿಗೆ, ಅದೇ ಮನುಷ್ಯ ಹೀಥ್ರೂನಲ್ಲಿ ಇಳಿದು ರೈಲಲ್ಲಿ ಎಡಿನ್‌ಬರೋಗೆ ಹೋದ್ರೆ ಮನೇಲೇ ಹತ್ತು ದಿನ. ಸ್ಕಾಟ್ಲೆಂಡ್ ಸರ್ಕಾರ ಈ ಕಿಂಡಿ ಮುಚ್ಚಿ ಮುಚ್ಚಿ ಅಂತ ಲಂಡನ್‌ಗೆ ಹೇಳ್ತಾನೇ ಇತ್ತು. ಸೋಂಕಿನ ದೃಷ್ಟಿಯಿಂದ ನೋಡಿದ್ರೆ ನಾಲ್ಕೂವರೆ ಗಂಟೆ ರೈಲಲ್ಲಿ ಕೂತು ಬಂದವನಿಗಿಂತ ನೇರ ಇಳಿದವನೇ ವಾಸಿ, ಆದ್ರೆ ಕಾನೂನು ಏರ್‌ಪೋರ್ಟ್ ನೋಡ್ತಿತ್ತು, ರೈಲ್ ನೋಡ್ತಿರಲಿಲ್ಲ. ಇನ್ನು ರೆಡ್ ಲಿಸ್ಟ್ ದೇಶದಿಂದ ವೇಲ್ಸಿಗೆ ಹೋಗೋರು ಇಂಗ್ಲೆಂಡ್ ಅಥವಾ ಸ್ಕಾಟ್ಲೆಂಡಲ್ಲಿ ಇಳಿದು, ಅಲ್ಲೇ ಹೋಟೆಲ್ ಮುಗಿಸ್ಕೊಂಡು ವೇಲ್ಸಿಗೆ ಹೋಗ್ಬೇಕಿತ್ತು. ಭಾರತ ಆ ಲಿಸ್ಟಿಗೆ ಸೇರಿದ್ದು ಏಪ್ರಿಲ್ 23, ಹೊರಗೆ ಬಂದಿದ್ದು ಆಗಸ್ಟ್ 8.

ಮಲಗೋ ಜಾಗದ್ದು ಅಂದ್ರೆ ಇಳಿದ್ಮೇಲೆ ಎರಡನೇ ದಿನದ ಟೆಸ್ಟ್, ಎಂಟನೇ ದಿನದ ಟೆಸ್ಟ್, ಮನೆ ಕ್ವಾರಂಟೈನ್. ಇದಕ್ಕೆ 2021ರ ಅಕ್ಟೋಬರ್ ಕೊನೇ ವಾರದಂಥ ಉದಾಹರಣೆ ಇನ್ನೊಂದಿಲ್ಲ. ಎರಡೂ ಡೋಸ್ ಆದವರಿಗೆ ಪಿಸಿಆರ್ ಬದಲು ಮನೇಲೇ ಬೇಗ ರಿಸಲ್ಟ್ ಕೊಡೋ ಅಗ್ಗದ ಲ್ಯಾಟರಲ್ ಫ್ಲೋ ಟೆಸ್ಟ್ ಸಾಕು ಅಂತ ಇಂಗ್ಲೆಂಡ್ ಹೇಳಿದ್ದು ಅಕ್ಟೋಬರ್ 24ರಿಂದ, ಸ್ಕಾಟ್ಲೆಂಡ್, ವೇಲ್ಸ್ ಅದೇ ಮಾತು ಹೇಳಿದ್ದು 31ರಿಂದ. ಮಧ್ಯದ ಆ ವಾರದಲ್ಲಿ ಬೆಂಗಳೂರಿಂದ ಹೀಥ್ರೂಗೆ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತು ಬಂದ ಇಬ್ಬರಲ್ಲಿ ಇಂಗ್ಲೆಂಡಿನ ರೀಡಿಂಗ್ ಊರಿಗೆ ಹೋಗೋರಿಗೆ ಲ್ಯಾಟರಲ್ ಫ್ಲೋ, ಅದೇ ರೈಲಲ್ಲಿ ಮುಂದಕ್ಕೆ ಕಾರ್ಡಿಫ್‌ಗೆ ಹೋಗೋರಿಗೆ ಪಿಸಿಆರ್. ಆಗ ಏನು ಮಾಡ್ಬೇಕು? ಎರಡೂ ಕಡೆ ಒಪ್ಪೋದನ್ನ ತಗೊಳ್ಳಿ. ಪಿಸಿಆರ್ ಇಂಗ್ಲೆಂಡಲ್ಲೂ ನಡೀತಿತ್ತು, ವೇಲ್ಸಲ್ಲೂ ನಡೀತಿತ್ತು, ಲ್ಯಾಟರಲ್ ಫ್ಲೋ ಇಂಗ್ಲೆಂಡಲ್ಲಿ ಮಾತ್ರ. ಲಂಡನ್‌ನಲ್ಲಿ ಎರಡು ದಿನ ನೆಂಟರ ಮನೆ, ಆಮೇಲೆ ವೇಲ್ಸಿನ ಸ್ವಾನ್ಸೀಲಿ ಮಗಳ ಮನೆ ಅನ್ನೋ ಥರದ ಪ್ಲಾನ್ ಇದ್ರೆ ಇನ್ನೂ ಮುಖ್ಯ, ದುಡ್ಡು ಉಳ್ಸಕ್ಕೆ ಹೋಗಿ ಎರಡು ಸಲ ಟೆಸ್ಟ್ ಕೊಳ್ಳೋ ಹಂಗಾಗ್ಬಾರ್ದು. ಇದೇ ಥರ ಇಂಗ್ಲೆಂಡಲ್ಲಿ ಟೆಸ್ಟ್ ಟು ರಿಲೀಸ್ ಅಂತಿತ್ತು, 2020ರ ಡಿಸೆಂಬರ್ 15ರಿಂದ, ಐದನೇ ದಿನ ಸ್ವಂತ ದುಡ್ಡಲ್ಲಿ ಟೆಸ್ಟ್ ಮಾಡಿಸಿ ನೆಗೆಟಿವ್ ಬಂದ್ರೆ ಹೊರಗೆ ಓಡಾಡ್ಬಹುದು ಅಂತ. ಸ್ಕಾಟ್ಲೆಂಡ್, ವೇಲ್ಸ್ ಅದನ್ನ ತರಲೇ ಇಲ್ಲ. ಅಲ್ಲಿ ಇರೋರು ಈ ಟೆಸ್ಟ್ ಕೊಂಡ್ರೆ ದುಡ್ಡು ದಂಡ, ಹತ್ತು ದಿನ ಹತ್ತು ದಿನಾನೇ.

ಕಿಟ್ ಎಲ್ಲಿಂದ ಕೊಳ್ಬೇಕು ಅನ್ನೋದರಲ್ಲೂ ವ್ಯತ್ಯಾಸ. ಇಂಗ್ಲೆಂಡಲ್ಲಿ ಖಾಸಗಿ ಕಂಪನಿಗಳ ಉದ್ದ ಲಿಸ್ಟು, ವೇಲ್ಸಲ್ಲಿ ತುಂಬ ದಿನ ಎನ್‌ಎಚ್‌ಎಸ್ ಕಿಟ್ಟೇ ಆಗ್ಬೇಕಿತ್ತು. ಅದು ಒಂದು ಟೆಸ್ಟಿಗೆ 88 ಪೌಂಡ್ ಇದ್ದಿದ್ದು 2021ರ ಆಗಸ್ಟಲ್ಲಿ 68 ಆಯ್ತು, ಎರಡರ ಪ್ಯಾಕ್ 170 ಇದ್ದಿದ್ದು 136. ಖಾಸಗಿಯವರಲ್ಲಿ ಲಿಸ್ಟಲ್ಲಿ ಕಾಣೋ ರೇಟ್ ಒಂದು, ಕ್ಲಿಕ್ ಮಾಡಿದ್ಮೇಲೆ ಇನ್ನೊಂದು, ನಮ್ಮನೆಗೆ ಒಂದು ಸಲ ಎರಡನೇ ದಿನದ ಕಿಟ್ ನಾಲ್ಕನೇ ದಿನ ಬಂತು, ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತೋರೇ ಇಲ್ಲ. ಅದಕ್ಕೇ ಕಿಟ್ ವಿಮಾನ ಹತ್ತೋ ಮುಂಚೇನೇ ಮನೆ ತಲುಪಿರ್ಬೇಕು, ಇಲ್ಲಿ ಇರೋ ಮಗನೋ ಮಗಳೋ ತಮ್ಮ ಅಡ್ರೆಸ್ಸಿಗೆ ತರಿಸಿ ಇಟ್ಕೊಳ್ಳಿ. ಎನ್‌ಎಚ್‌ಎಸ್ ಫ್ರೀಯಾಗಿ ಕೊಡ್ತಿದ್ದ ಲ್ಯಾಟರಲ್ ಫ್ಲೋ ಡಬ್ಬ ಮನೇಲಿದೆ ಅದನ್ನೇ ಮಾಡ್ಕೊಳ್ತೀವಿ ಅಂತ ಕೇಳೋರು ತುಂಬ ಜನ, ಪ್ರಯಾಣಕ್ಕೆ ಅದು ನಡೀತಿರಲಿಲ್ಲ, ಖಾಸಗಿಯವರ ಹತ್ರ ಕೊಂಡು ರಿಸಲ್ಟಿನ ಫೋಟೋ ಅವರಿಗೇ ಕಳಿಸ್ಬೇಕಿತ್ತು. ಪಿಸಿಆರ್ ಆದ್ರೆ ಸ್ವಾಬ್ ಟ್ಯೂಬಿಗೆ ಹಾಕಿ, ಮುಚ್ಚಳ ಟಕ್ ಅನ್ನೋ ತನಕ ತಿರುಗ್ಸಿ, ಬಾರ್‌ಕೋಡ್ ನಂಬರ್ ಆನ್‌ಲೈನ್‌ನಲ್ಲಿ ರಿಜಿಸ್ಟರ್ ಮಾಡಿ, ಆಮೇಲೇ ಪೋಸ್ಟಿಗೆ. ಎಲ್ಲಾ ಕೆಂಪು ಡಬ್ಬಕ್ಕೂ ಹಾಕಂಗಿರಲಿಲ್ಲ, ಎನ್‌ಎಚ್‌ಎಸ್ ಸ್ಟಿಕ್ಕರ್ ಇದ್ದ ಪ್ರಯಾರಿಟಿ ಪೋಸ್ಟ್‌ಬಾಕ್ಸ್ ಹುಡುಕಿ, ಕೊನೇ ಕಲೆಕ್ಷನ್ ಟೈಮಿಗೆ ಮುಂಚೆ ಹಾಕ್ಬೇಕಿತ್ತು. ರಿಜಿಸ್ಟರ್ ಮಾಡದೆ ಕಳಿಸಿದ್ರೆ ಲ್ಯಾಬಿನವರಿಗೆ ಅದು ಯಾರ ಮೂಗಿಂದು ಅಂತಲೇ ಗೊತ್ತಾಗಲ್ಲ.

ದಿನ ಲೆಕ್ಕ ಹಾಕೋದ್ರಲ್ಲಿ ಎಡವೋರು ಜಾಸ್ತಿ. ಇಳಿದ ದಿನ ಸೊನ್ನೆ. ಸೋಮವಾರ ಇಳಿದ್ರೆ ಎರಡನೇ ದಿನ ಬುಧವಾರ, ಮಂಗಳವಾರ ಅಲ್ಲ. ಎರಡನೇ ದಿನದ ಟೆಸ್ಟ್ ಅಂದ್ರೆ ಬುಧವಾರದ ಒಳಗೆ ಯಾವಾಗಾದ್ರೂ, ಎಂಟನೇ ದಿನದ್ದು ಅಂದ್ರೆ ಎಂಟನೇ ದಿನ ಅಥವಾ ಆಮೇಲೆ, ಇದು ಉಲ್ಟಾ. ಹೊರಡೋ ಮುಂಚಿನ ಟೆಸ್ಟಿಗೆ ಬ್ರಿಟನ್ ಹೇಳ್ತಿದ್ದಿದ್ದು ಮೂರು ದಿನ, ಶುಕ್ರವಾರ ಹೊರಟ್ರೆ ಮಂಗಳವಾರ ಅಥವಾ ಆಮೇಲೆ ಮಾಡಿಸಿದ್ದು ಸರಿ. ಭಾರತಕ್ಕೆ ವಾಪಸ್ ಹೋಗುವಾಗ ಭಾರತ ಸರ್ಕಾರದ ಏರ್ ಸುವಿಧಾ ವೆಬ್‌ಸೈಟಲ್ಲಿ ಹಾಕ್ಬೇಕಿದ್ದ ರಿಪೋರ್ಟು 72 ಗಂಟೆ ಲೆಕ್ಕ. ಕೇಳಕ್ಕೆ ಎರಡೂ ಒಂದೇ ಥರ ಇದ್ರೂ ಮಂಗಳವಾರ ಬೆಳಿಗ್ಗೆ ಸ್ವಾಬ್ ಕೊಟ್ಟು ಶುಕ್ರವಾರ ರಾತ್ರಿ ವಿಮಾನ ಅಂದ್ರೆ ಒಂದು ಕಡೆ ಪಾಸು ಇನ್ನೊಂದು ಕಡೆ ಫೇಲು. ಮತ್ತೆ ರಿಪೋರ್ಟಲ್ಲಿ ಸ್ವಾಬ್ ತಗೊಂಡ ಟೈಮ್ ಇರ್ಬೇಕು, ರಿಪೋರ್ಟ್ ಪ್ರಿಂಟ್ ಆದ ಟೈಮ್ ಮಾತ್ರ ಇದ್ರೆ ಲ್ಯಾಬಿಗೆ ಹೇಳಿ ಹಾಕಿಸ್ಕೊಳ್ಳಿ.

ಆಗ ರೂಲ್ ಬದಲಾಗ್ತಿದ್ದ ಟೈಮು ಸಾಮಾನ್ಯವಾಗಿ ಬೆಳಗಿನ ಜಾವ 4 ಗಂಟೆ, ಅದೂ ಇಳಿಯೋ ಟೈಮ್ ನೋಡ್ತಿದ್ರು, ಹೊರಟಿದ್ದಲ್ಲ. ಒಂದೊಂದು ಸರ್ಕಾರ ಒಂದೊಂದು ದಿನದ 4 ಗಂಟೆ ಹಿಡಿಯೋದು ಬೇರೆ. 2020ರ ಸೆಪ್ಟೆಂಬರಲ್ಲಿ ಪೋರ್ಚುಗಲ್‌ನಿಂದ ಬಂದವರು ಕ್ವಾರಂಟೈನ್ ಇರ್ಬೇಕು ಅಂತ ವೇಲ್ಸ್ ಶುಕ್ರವಾರ, 4ನೇ ತಾರೀಖು, ಶುರು ಮಾಡಿತು, ಸ್ಕಾಟ್ಲೆಂಡ್ ಶನಿವಾರ, ಇಂಗ್ಲೆಂಡ್ ಒಂದು ವಾರ ಬಿಟ್ಟು 12ಕ್ಕೆ. ಬ್ರಿಸ್ಟಲ್ ಏರ್‌ಪೋರ್ಟಲ್ಲಿ ಒಟ್ಟಿಗೆ ಬ್ಯಾಗ್ ಎತ್ಕೊಂಡೋರಲ್ಲಿ ಬ್ರಿಸ್ಟಲ್‌ನವನು ಸೋಮವಾರ ಆಫೀಸಿಗೆ, ಸೇತುವೆ ದಾಟಿ ವೇಲ್ಸಿನ ನ್ಯೂಪೋರ್ಟಿಗೆ ಹೋದವನು 14 ದಿನ ಮನೇಲಿ.

ಇದೆಲ್ಲ ಕೇಳಿ ಬ್ರಿಟಿಷರ ಹುಚ್ಚಾಟ ಅಂತ ನಗೋ ಹಂಗಿಲ್ಲ, ತಲಪಾಡಿ ಚೆಕ್‌ಪೋಸ್ಟ್ ನೋಡಿದವರಿಗೆ ಗೊತ್ತು. 2021ರ ಜುಲೈ ಕೊನೇಲಿ ಕೇರಳದಿಂದ ಬರೋರಿಗೆ ಎರಡು ಡೋಸ್ ಆಗಿದ್ರೂ 72 ಗಂಟೆ ಒಳಗಿನ ಆರ್‌ಟಿ-ಪಿಸಿಆರ್ ಬೇಕು ಅಂತ ನಮ್ಮ ಸರ್ಕಾರ ಹೇಳಿತ್ತು, ಕಾಸರಗೋಡಿಂದ ಮಂಗಳೂರಿನ ಆಸ್ಪತ್ರೆ, ಕಾಲೇಜು ನಂಬ್ಕೊಂಡಿದ್ದೋರ ಗತಿ ಏನಾಯ್ತು ನೋಡಿದ್ವಲ್ಲ. ಒಂದೇ ವ್ಯತ್ಯಾಸ, ತಲಪಾಡೀಲಿ ಪೊಲೀಸರು ನಿಂತು ಕಾಗದ ಕೇಳ್ತಿದ್ರು. ಇಂಗ್ಲೆಂಡು ವೇಲ್ಸ್ ಮಧ್ಯೆ ಹೆದ್ದಾರೀಲಿ ಕೇಳೋರು ಇಲ್ಲ, ಒಂದು ಸ್ವಾಗತದ ಬೋರ್ಡು ಅಷ್ಟೇ. ಕೇಳೋರಿಲ್ಲ ಅಂತ ಫಾರ್ಮಲ್ಲಿ ಸುಳ್ಳು ಅಡ್ರೆಸ್ ಹಾಕೋ ಐಡಿಯಾ ಕೊಡೋರ ಮಾತು ಕೇಳ್ಬೇಡಿ, ರೆಡ್ ಲಿಸ್ಟ್ ದೇಶಕ್ಕೆ ಹೋಗಿದ್ದನ್ನ ಮುಚ್ಚಿಟ್ರೆ 10 ವರ್ಷದವರೆಗೆ ಜೈಲು ಅಂತ ಲಂಡನ್ ಸರ್ಕಾರ ಎಚ್ಚರಿಸಿತ್ತು, ವೀಸಾ ಮೇಲೆ ಇರೋರಿಗೆ ಅದೆಲ್ಲ ಬೇಡದ ಸಹವಾಸ.

ಫಾರ್ಮ್ ತುಂಬೋ ಕ್ರಮ ಹೇಳ್ಬಿಡ್ತೀನಿ. ಮೊದಲು ಟೆಸ್ಟ್ ಬುಕಿಂಗು, ಅದರ ರೆಫರೆನ್ಸ್ ನಂಬರ್ ಇಲ್ಲದೆ ಫಾರ್ಮ್ ಮುಂದಕ್ಕೇ ಹೋಗ್ತಿರಲಿಲ್ಲ. ಇಳಿಯೋಕೆ 48 ಗಂಟೆ ಇರುವಾಗಿಂದ ತುಂಬ್ಬಹುದಿತ್ತು. ಅಡ್ರೆಸ್ ಜಾಗದಲ್ಲಿ ನೀವು ನಿಜವಾಗ್ಲೂ ಇರೋ ಮನೆ ಹಾಕಿ, ಯಾವ ಸರ್ಕಾರದವರು ಫೋನ್ ಮಾಡ್ತಾರೆ ಅನ್ನೋದು ಅದರ ಮೇಲೇ. ಫೋನ್ ನಂಬರ್ ಊರಿನ ಸಿಮ್ಮಿಂದು ಹಾಕಿದ್ರೆ ಇಲ್ಲಿ ರೋಮಿಂಗ್ ಇಲ್ದೆ ಕರೆ ಮಿಸ್ ಆಗತ್ತೆ, ಇಲ್ಲಿಯವರ ನಂಬರ್ ಕೊಡಿ. ಹೆಸರು, ಹುಟ್ಟಿದ ತಾರೀಖು ಪಾಸ್‌ಪೋರ್ಟ್, ರಿಪೋರ್ಟ್, ಲಸಿಕೆ ಸರ್ಟಿಫಿಕೇಟ್ ಮೂರರಲ್ಲೂ ಒಂದೇ ಇರ್ಲಿ. ಕೋವಿನ್ ಸರ್ಟಿಫಿಕೇಟಲ್ಲಿ ಮೊದಲು ಪೂರ್ತಿ ಹುಟ್ಟಿದ ತಾರೀಖೇ ಇರ್ತಿರಲಿಲ್ಲ, ಬ್ರಿಟನ್ ತಕರಾರು ತೆಗೆದ್ಮೇಲೆ ವಿದೇಶಕ್ಕೆ ಹೋಗೋರಿಗೆ ಅದನ್ನ ಸೇರಿಸಿ ಕೊಡೋಕೆ ಶುರು ಮಾಡಿದ್ರು, 2021ರ ಅಕ್ಟೋಬರ್ 11ರಿಂದ ಭಾರತದಲ್ಲಿ ಎರಡೂ ಡೋಸ್ ಕೋವಿಶೀಲ್ಡ್ ಹಾಕಿಸ್ಕೊಂಡೋರಿಗೆ ಕ್ವಾರಂಟೈನ್ ಹೋಯ್ತು. ಮಕ್ಕಳ ವಯಸ್ಸು ಬೇರೆಯಾಗೇ ನೋಡಿ, ಇಂಗ್ಲೆಂಡಲ್ಲಿ 11 ತುಂಬದವರಿಗೆ ಹೊರಡೋ ಮುಂಚಿನ ಟೆಸ್ಟ್ ಇರಲಿಲ್ಲ, ಆದ್ರೆ 5 ತುಂಬಿದ ಮಗೂಗೆ ಎರಡನೇ ದಿನದ ಟೆಸ್ಟ್ ಇತ್ತು.

ನಾರ್ದರ್ನ್ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆ ಹೋಗೋರು ಡಬ್ಲಿನ್‌ನಲ್ಲಿ ಇಳಿದು ಬಸ್ಸಲ್ಲಿ ಹೋಗೋದಾದ್ರೆ ಅಲ್ಲಿ ಐರ್ಲೆಂಡ್ ಅನ್ನೋ ಇನ್ನೊಂದು ದೇಶದ ರೂಲ್ಸ್ ಕೂಡ ಸೇರ್ಕೊಳ್ಳತ್ತೆ, ವೀಸಾನೂ ಬೇರೆ, ಅದಕ್ಕೆ ನಾನು ಹೇಳೋದು ಲಂಡನ್ ಮೇಲೇ ಹೋಗಿ ಅಂತ.

ಕೊಂಡಿಟ್ಟ ಮೇಲೆ ರೂಲ್ ಬದಲಾದ್ರೆ? ಪಿಸಿಆರ್ ಇಟ್ಕೊಂಡಿದ್ದು ಲ್ಯಾಟರಲ್ ಫ್ಲೋ ಸಾಕು ಅಂತ ಆದ್ರೆ ಪಿಸಿಆರನ್ನೇ ಬಳಸಿ, ಅದು ಯಾವತ್ತೂ ನಡೀತಿತ್ತು. ಉಲ್ಟಾ ಆದ್ರೆ ಮಾತ್ರ ತೊಂದರೆ. 2021ರ ನವೆಂಬರ್ 30ಕ್ಕೆ ಓಮಿಕ್ರಾನ್ ಅಂತ ನಾಲ್ಕೂ ಕಡೆ ಮತ್ತೆ ಪಿಸಿಆರ್ ಬಂತು, ಲ್ಯಾಟರಲ್ ಫ್ಲೋ ಕೊಂಡಿದ್ದೋರು ಇನ್ನೊಂದು ಸಲ ದುಡ್ಡು ಕೊಟ್ರು. ಬುಕ್ ಮಾಡುವಾಗ್ಲೇ ರೀಫಂಡ್ ಇದೆಯಾ, ಟೆಸ್ಟ್ ಬದಲಾಯಿಸಿ ಕೊಡ್ತಾರಾ ಅಂತ ನೋಡಿ, ಕ್ರೆಡಿಟ್ ಕಾರ್ಡಲ್ಲಿ ಕಟ್ಟಿ, ಬಳಸೋ ತನಕ ಬಾರ್‌ಕೋಡ್ ರಿಜಿಸ್ಟರ್ ಮಾಡದೆ ಡಬ್ಬ ಸೀಲ್ ಒಡೀದೆ ಇಡಿ.